ಅಳತೆ ಅಕ್ಕನ ಎಂಬತ್ಮೂರನೇ ಪುಟ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10.40

ಸರ್ವರ್ ಮತ್ತೆ ಮಲಗಿದೆ. ಕೌಂಟರ್ ಮುಂದೆ ಹದಿನೇಳು ಜನ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರ್, ಒಳಗೆ ನಾಲ್ಕು ಮಡಿಕೆ ಮಡಚಿದ ಕಾಗದ.

"ಸಬ್ಸಿಡಿ ಬಂತಾ ಮೇಡಂ?"

"ಸರ್ವರ್ ಇಲ್ಲ ಅಜ್ಜಿ."

"ಯಾವಾಗ ಬರ್ತಾರೆ?"

ಅಜ್ಜಿ ಪಾಲಿಗೆ ಸರ್ವರ್ ಒಬ್ಬ ಆಫೀಸರ್. "ಊಟ ಆದ ಮೇಲೆ ಬರಬಹುದು" ಅಂದೆ. ಸುಳ್ಳೇನಲ್ಲ.

ನಾಲ್ಕು ವರ್ಷದಿಂದ ಇದೇ ಕುರ್ಚಿ. ರೈತರು ಏನು ಬಿತ್ತಿದ್ದೀವಿ ಅಂತ ಬರೆದು ಕೊಡ್ತಾರೆ, ಅಳತೆ ಅಕ್ಕ ಹೋಗಿ ಅಳೆದು ಬರ್ತಾರೆ, ನಾನು ಕಂಪ್ಯೂಟರಿಗೆ ಹಾಕ್ತೀನಿ, ಎಕರೆಗೆ ಇಷ್ಟು ಅಂತ ಸರ್ಕಾರ ಕೊಡುತ್ತೆ. ಇಷ್ಟೇ ನಮ್ಮ ಕಚೇರಿ. ಸಾಹೇಬರು, ಅಕ್ಕ, ನಾನು. ಮತ್ತೆ ತಿರುಗುವಾಗ ಕೆಮ್ಮುವ ಒಂದು ಫ್ಯಾನು.

ಅಕ್ಕ ಎಂಟಕ್ಕೇ ಬಂದು ಹೊಲದ ಕಡೆ ಹೋಗಿದ್ದಾರೆ. ಜೂನ್ ಕೊನೆಗೆ ರಿಟೈರ್. ರಿಟೈರ್ ಆಗೋರು ಹೀಗಾ ಓಡಾಡೋದು...

ಮಧ್ಯಾಹ್ನ 3.15

ಸರ್ವರ್ ಬಂತು. ಬರಬಾರದಿತ್ತು.

ಈ ವರ್ಷದಿಂದ ಹೊಸ ನಕ್ಷೆ, ಆಕಾಶದಿಂದ ತೆಗೆದದ್ದು. ಅದರ ಜೊತೆ ಹೋಲಿಸಿ ಕಂಪ್ಯೂಟರೇ ಪಾಸು, ಫೇಲು ಮಾಡುತ್ತೆ. ನದಿಯಾಚೆ ದಂಡೆಯ ಅರವತ್ತೊಂದು ಹೊಲ ಕೆಂಪು. ಎಲ್ಲದರ ಮುಂದೆ ಒಂದೇ ವಾಕ್ಯ — "ನದಿ ಪಾತ್ರ. ಸಾಗುವಳಿ ಇಲ್ಲ. ಪಾವತಿ ರದ್ದು."

ಅಲ್ಲಿ ಸೂರ್ಯಕಾಂತಿ ಇದೆ. ಅಕ್ಕ ಅಳೆದು ಬಂದದ್ದನ್ನು ಟೈಪ್ ಮಾಡಿದವಳು ನಾನೇ.

ಮಾರ್ಚ್ 4, ಮಂಗಳವಾರ

ಸಾಹೇಬರಿಗೆ ತೋರಿಸಿದೆವು. ಮೂವತ್ತೆರಡು ವಯಸ್ಸು, ಒಳ್ಳೇ ಮನುಷ್ಯ, ಹೆಡ್ ಆಫೀಸಿಂದ ಫೋನ್ ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡ್ತಾರೆ. ಮಾತೆಲ್ಲ ಅಡ್ಡಗೋಡೆ ಮೇಲಿನ ದೀಪ.

"ನಕ್ಷೆ ತಪ್ಪು ಅಂತ ನಾನು ಹೇಳೋಕಾಗಲ್ಲ ಮೇಡಂ. ಸರಿ ಅಂತಾನೂ ಹೇಳ್ತಿಲ್ಲ."

ಅಕ್ಕ ತುಸು ಹೊತ್ತು ಸ್ಕ್ರೀನ್ ನೋಡಿದರು. ಕನ್ನಡಕ ಹಣೆ ಮೇಲೇರಿಸಿದರು. ನನಗೆ ಅಂದರು — "ನಾಳೆ ನನ್ನ ಜೊತೆ ಬಾ. ನಾಲ್ಕು ವರ್ಷ ಬರೀ ಬೆರಳಲ್ಲೇ ಬೇಸಾಯ ಮಾಡಿದೀಯ. ಒಂದ್ಸಲ ಕಾಲಲ್ಲೂ ಮಾಡು."

ಮಾರ್ಚ್ 5, ಬುಧವಾರ. ಸಂಜೆ

ಕಾಲು ನನ್ನದೋ ಬೇರೆಯವರದೋ ಗೊತ್ತಾಗ್ತಿಲ್ಲ. ಬಿಸಿನೀರಲ್ಲಿಟ್ಟುಕೊಂಡು ಬರೀತಿದೀನಿ.

ದೋಣಿಯಲ್ಲಿ ದಾಟಿದೆವು. ಒಂಬತ್ತು ವರ್ಷದ ಹಿಂದೆ ನೆರೆ ಬಂದಾಗ ನದಿ ತನ್ನ ಜಾಗ ಬಿಟ್ಟು ಈಚೆಗೆ ಹರಿಯೋಕೆ ಶುರು ಮಾಡಿತಂತೆ. ಈಚೆಗಿದ್ದ ಅರವತ್ತೊಂದು ಮನೆಯವರ ಹೊಲ ಬೆಳಗಾಗೋದ್ರೊಳಗೆ ಆಚೆಗೆ. ಹೊಲಕ್ಕೆ ಏನೂ ಆಗಲಿಲ್ಲ, ದಾರಿ ಹೋಯ್ತು ಅಷ್ಟೆ. ಅವತ್ತಿಂದ ದೋಣಿಯಲ್ಲೇ ದಾಟಿ ಬಿತ್ತುತ್ತಾರೆ. ನಕ್ಷೆ ಬರೆದವರು ಹಳೇ ಹರಿವು, ಹೊಸ ಹರಿವು ಎರಡನ್ನೂ ಹಿಡಿದು ನಡುವಿನ ನೆಲಕ್ಕೆಲ್ಲ ನೀಲಿ ಬಳಿದುಬಿಟ್ಟಿದ್ದಾರೆ.

ಅಕ್ಕ ನಡೆಯೋದನ್ನ ನೋಡಬೇಕು. ಟೇಪು ಹೆಗಲಿಗೆ, ಪುಸ್ತಕ ಕಂಕುಳಿಗೆ, ಪೆನ್ಸಿಲ್ ಕೂದಲಿಗೆ. ಬದುವಿನ ಮೇಲೆ ನಿಂತು ಕಣ್ಣು ಕಿರಿದು ಮಾಡಿ "ಎರಡೂಕಾಲು" ಅಂದರು. ಅಳೆದೆವು. ಎರಡು ಎಕರೆ ಇಪ್ಪತ್ತಾರು ಸೆಂಟು. ಒಂದು ಸೆಂಟು ಹೆಚ್ಚು ಬಂತಲ್ಲ ಅಂತ ಮುಖ ಸಣ್ಣಗೆ ಮಾಡಿಕೊಂಡರು!

ಜೇನಿನ ತಾತ ಸಿಕ್ಕಿದರು. ಸೂರ್ಯಕಾಂತಿ ಹೊಲ, ಅಂಚಿಗೆ ಹತ್ತು ಜೇನು ಪೆಟ್ಟಿಗೆ. ವಿಷಯ ಹೇಳಿದೆವು. ತಾತ ಸುತ್ತ ನೋಡಿದರು, ಕಾಲ ಕೆಳಗೆ ನೋಡಿದರು.

"ಹಂಗಾದ್ರೆ ನಾನೀಗ ನೀರಲ್ಲಿ ನಿಂತಿದೀನಿ ಅನ್ನು."

"ಕಾಗದದಲ್ಲಿ ಹಾಗಿದೆ ತಾತ."

"ನನ್ನ ಹುಳಕ್ಕೆ ಈಜು ಬರಲ್ಲ ಕಣಮ್ಮ. ಸಾಹೇಬ್ರಿಗೆ ಹೇಳು."

ನಗು ಬಂತು. ಆಮೇಲೆ ತಾತ ಕೇಳಿದರು, "ದುಡ್ಡು ಹೋದ್ರೆ ಒಂದು ವರ್ಷ ಹೋಯ್ತು. ನೆಲ?" ಅಕ್ಕ ಸುಳ್ಳು ಹೇಳಲಿಲ್ಲ. ನದಿ ಪಾತ್ರ ಅಂತ ಖಾಯಂ ಆದರೆ ನೆಲವೂ ಸರ್ಕಾರದ್ದೇ, ನದಿ ಯಾರಪ್ಪನ ಆಸ್ತಿಯೂ ಅಲ್ಲವಲ್ಲ.

ಬರುವಾಗ ದೋಣಿಯಲ್ಲಿ ಅಕ್ಕ ಪುಸ್ತಕ ತೆರೆದು ಅವತ್ತಿನ ಅಳತೆ ಇನ್ನೊಮ್ಮೆ ಕೂಡಿಸಿದರು.

ಮಾರ್ಚ್ 6, ಗುರುವಾರ. ಮಧ್ಯಾಹ್ನ 1.20, ಡಬ್ಬಿ ಬಿಚ್ಚುವ ಮೊದಲು

ಆಕ್ಷೇಪಣೆ ಹಾಕಬಹುದಂತೆ! ಸಾಹೇಬರು ಆದೇಶ ಹುಡುಕಿ ತೆಗೆದರು. ಹತ್ತು ವರ್ಷ ಬಿಡದೆ ಸಾಗುವಳಿ ಆಗಿದೆ ಅನ್ನೋಕೆ ಅಳತೆಯ ಮೂಲ ಪುಸ್ತಕಗಳೇ ಬೇಕು, ಕೈಬರಹದ್ದು. ಪುಟಸಂಖ್ಯೆ ಒಂದೂ ತಪ್ಪಬಾರದು. ಎಲ್ಲ ಪುಟ ಸ್ಕ್ಯಾನ್ ಆಗಿ 14ನೇ ತಾರೀಕು ಶುಕ್ರವಾರ ಸಂಜೆ ಐದರೊಳಗೆ ಮೂಲದ ಸಮೇತ ಹೆಡ್ ಆಫೀಸಿಗೆ ಮುಟ್ಟಬೇಕು.

ಆದರೆ ಕಂಪ್ಯೂಟರ್ ಬಂದ ವರ್ಷವೇ ಹಳೇ ಪುಸ್ತಕ ಎಲ್ಲ ರದ್ದಿಗೆ ಹೋಗಿತ್ತಲ್ಲ...

"ನನ್ನವು ಹೋಗಿಲ್ಲ" ಅಂದರು ಅಕ್ಕ. "ಮನೇಲಿವೆ. ಕಂಪ್ಯೂಟರ್ ಬಂದ ಮೇಲೂ ಬರೆಯೋದು ಬಿಡಲಿಲ್ಲ. ಯೋಜನೆ ಶುರುವಾದಾಗಿಂದ ವರ್ಷಕ್ಕೊಂದು, ಹನ್ನೊಂದೂ ಇವೆ."

ಸಾಹೇಬರು ಎದ್ದು ನಿಂತರು. ಫೋನೇನೂ ಬಂದಿರಲಿಲ್ಲ.

ಸಂಜೆ

ಪುಸ್ತಕ ತರೋಕೆ ಅಕ್ಕನ ಮನೆಗೆ ಹೋಗಿದ್ದೆ. ನಾಲ್ಕು ವರ್ಷದಲ್ಲಿ ಇದೇ ಮೊದಲು. ಅಂಗಡಿಯೊಂದರ ಮೇಲೆ ಎರಡು ಕೋಣೆ. ಮದುವೆ ಆಗಿಲ್ಲ. ಒಂದು ಮಂಚ, ಒಂದು ಮೇಜು, ಕಿಟಕಿಯಲ್ಲಿ ಒಣಗಲು ಇಟ್ಟ ಬೂಟು. ಗೋಡೆಯಲ್ಲಿ ಒಂದೇ ಫೋಟೋ — ಎತ್ತರದ ಹುಡುಗನೊಬ್ಬನ ಹೆಗಲ ಮೇಲೆ ಕೂತ ಚಿಕ್ಕ ಹುಡುಗಿ.

"ಅಣ್ಣ. ಅಪ್ಪ ಹೋದಾಗ ಅವನಿಗೆ ಹದಿನಾರು, ನನಗೆ ಆರು. ತಾನು ಸ್ಕೂಲು ಬಿಟ್ಟು ನನ್ನ ಓದಿಸಿದ. ಸರ್ವೆ ಟ್ರೇನಿಂಗಿಗೆ ಸೇರಿಸುವಾಗ ಊರೋರೆಲ್ಲ ನಕ್ಕರು, ಹೆಣ್ಣು ಮಗಳು ಹೊಲ ಅಳೀತಾಳಾ ಅಂತ. ನನ್ನ ತಂಗಿ ಆಕಾಶ ಬೇಕಾದರೂ ಅಳೀತಾಳೆ ಅಂದನಂತೆ."

ಊರೆಲ್ಲ ದೊಡ್ಡಣ್ಣ ಅನ್ನೋದು ಇವರನ್ನೇ, ನಾನೂ ಬಲ್ಲೆ. ಕೌಂಟರಿಗೆ ಬಂದರೆ ಸಾಲು ಮುರಿಯೋರಲ್ಲ. ಅವರ ಹೊಲ ಈಚೆ ದಂಡೆಯದು, ಹೊಸ ನಕ್ಷೆಯಲ್ಲೂ ಹಸಿರು, ಏನೂ ತೊಂದರೆ ಇಲ್ಲ.

ಪುಸ್ತಕಗಳು ಮಂಚದ ಕೆಳಗೆ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ವರ್ಷದ ಪ್ರಕಾರ. ಒಂದಕ್ಕೂ ಹುಳ ಹಿಡಿದಿಲ್ಲ. ಪ್ರತಿ ವರ್ಷ ಬಿಸಿಲಿಗೆ ಹಾಕ್ತಾರಂತೆ, ಹಾಸಿಗೆ ದಿಂಬು ಹಾಕೋ ಹಾಗೆ.

ಮಾರ್ಚ್ 10, ಸೋಮವಾರ

ಮೂರು ದಿನದಿಂದ ಸ್ಕ್ಯಾನು. ಕನಸಲ್ಲೂ ಆ ಹಸಿರು ಬೆಳಕು ಅತ್ತಿತ್ತ ಹೋಗುತ್ತೆ.

ಆದರೆ ಪುಸ್ತಕ! ಪ್ರತಿ ಹೊಲಕ್ಕೂ ಒಂದು ಪುಟ, ಪೆನ್ಸಿಲ್ ಚಿತ್ರ, ನಾಲ್ಕೂ ಕಡೆಯ ಅಳತೆ, ಬೆಳೆ. ಪಕ್ಕದಲ್ಲಿ ಸಣ್ಣಗೆ — "ಬಾವಿ ಹತ್ತಿರ ಹಾವು, ಜಾಗ್ರತೆ." "ಮನೆಯಲ್ಲಿ ಬಾಣಂತಿ, ನಾಯಿ ಬೊಗಳಿಸಬಾರದು." ನೆರೆಯ ವರ್ಷದ ಪುಸ್ತಕ ನೀರು ಕುಡಿದು ದಪ್ಪಗಾಗಿದೆ. ನೆರೆ ಇಳಿದ ಹತ್ತನೇ ದಿನ ಅಕ್ಕ ಆಚೆ ದಂಡೆಯಲ್ಲಿದ್ದರು! ಅರವತ್ತೊಂದರಲ್ಲಿ ಅರವತ್ತೊಂದೂ ಅಳೆದಿದ್ದಾರೆ. ತಾತನ ಪುಟದಲ್ಲಿ — "ಬೆಳೆ ನಿಂತಿದೆ. ಮನುಷ್ಯನೂ ನಿಂತಿದ್ದಾನೆ."

ಕಚೇರಿ ಪುಸ್ತಕ ಓದ್ತಾ ನನ್ನ ಕಣ್ಣಲ್ಲಿ ನೀರು ಬರುತ್ತೆ ಅಂತ ಯಾರಾದರೂ ಹೇಳಿದ್ದರೆ ನಂಬ್ತಿರಲಿಲ್ಲ.

ಮಾರ್ಚ್ 11, ಮಂಗಳವಾರ. ಮಧ್ಯಾಹ್ನ 12.05

ನೋಡಬಾರದಿತ್ತು.

ಮೊದಲನೇ ಪುಸ್ತಕ, ಕೊನೆಗೆ ಇರಲಿ ಅಂತ ಬಿಟ್ಟಿದ್ದೆ. 83ನೇ ಪುಟ. ದೊಡ್ಡಣ್ಣನ ಹೊಲ. ಐದು ಎಕರೆಯ ಚಿತ್ರ, ಒಳಗೊಂದು ಚುಕ್ಕಿ ಗೆರೆ. ಗೆರೆಯ ಈಚೆ "ಬಿತ್ತನೆ 3". ಆಚೆ "ಕಲ್ಲು, ಪೊದೆ 2".

ಕಂಪ್ಯೂಟರಲ್ಲಿ ಐದು. ನೆನಪಿದೆ, ನಾಲ್ಕು ವರ್ಷ ನಾನೇ ಹಾಕಿದೀನಿ. ಮುಂದಿನ ಪುಸ್ತಕಗಳನ್ನ ಮತ್ತೆ ತೆಗೆದು ನೋಡಿದೆ. ಎಲ್ಲರ ಹೊಲಕ್ಕೂ ಪ್ರತಿ ವರ್ಷ ಹೊಸ ಚಿತ್ರ. ಈ ಒಂದು ಹೊಲಕ್ಕೆ ಮಾತ್ರ ಚಿತ್ರ ಇಲ್ಲ. ಹತ್ತು ವರ್ಷವೂ ಒಂದೇ ಮಾತು — "ಹಿಂದಿನಂತೆ. 5."

ಪುಸ್ತಕ ಮುಚ್ಚಿ ನೀರು ಕುಡಿದು ಬಂದೆ.

ಸಂಜೆ 6.30

ಮನೆಗೆ ಬಂದು ಅತ್ತೆಯನ್ನ, ಹೆಸರು ಊರು ಹೇಳದೆ, ಕೇಳಿದೆ. ಒಬ್ಬರ ತಪ್ಪು ನಮಗೆ ಕಂಡರೆ, ಆ ಒಬ್ಬರು ತುಂಬಾ ಒಳ್ಳೆಯವರಾದರೆ, ಏನು ಮಾಡಬೇಕು ಅಂತ.

ಅತ್ತೆ ನನ್ನ ಮುಖವನ್ನೇ ನೋಡಿದರು. "ನನ್ನ ಮಗ ಏನು ಮಾಡಿದ?"

"ಅಯ್ಯೋ, ಅವರಲ್ಲ ಅತ್ತೆ!"

"ಹಂಗಾದ್ರೆ ಸರಿ. ಕಂಡದ್ದು ಕಂಡ ಹಾಗೆ ಹೇಳಿದ್ರೆ ಕೆಂಡದಂಥ ಕೋಪ ಬರುತ್ತೆ ಜನಕ್ಕೆ. ಆದ್ರೂ ಅವರಿಗೇ ಹೇಳು. ಹಿಂದೆ ಹೇಳಿದ್ರೆ ಚಾಡಿ, ಮುಂದೆ ಹೇಳಿದ್ರೆ ಮಾತು."

ಮಾರ್ಚ್ 12, ಬುಧವಾರ. ಮಧ್ಯಾಹ್ನ 2.00

ಹೇಳಲಿಲ್ಲ. ಅತ್ತೆಯಷ್ಟು ಧೈರ್ಯ ನನಗೆಲ್ಲಿ. ಸುಳ್ಳು ಹೇಳಿದೆ.

"ಅಕ್ಕ, ಮೊದಲನೇ ಪುಸ್ತಕದಲ್ಲಿ ಒಂದು ಪುಟ ಅಂಟಿಕೊಂಡಿದೆ. ಬಿಡಿಸಿದರೆ ಹರಿಯುತ್ತೆ. ಹಾಗೇ ಬಿಡ್ಲಾ?"

ಅಕ್ಕ ಬರೀತಿದ್ದರು. ತಲೆ ಎತ್ತಲಿಲ್ಲ. "ಎಷ್ಟನೇದು?"

"ಎಂಬತ್ಮೂರು."

ಪೆನ್ಸಿಲ್ ನಿಂತಿತು.

"ಅಂಟಿಲ್ಲ ಅದು" ಅಂದರು. "ಬಿಡಿಸು."

ಸಾಹೇಬರು ಊಟಕ್ಕೆ ಹೋಗಿದ್ದರು. ಅಕ್ಕ ಎದ್ದು ಬಂದು ಕೌಂಟರ್ ಪಕ್ಕದ ಸ್ಟೂಲಲ್ಲಿ ಕೂತರು. ರೈತರು ಕೂರುವ ಸ್ಟೂಲು ಅದು.

"ತಪ್ಪಿ ಬರೆದೆ ಅಂತ ಹೇಳಬಹುದು. ಮೊದಲನೇ ವರ್ಷ ತಪ್ಪಿಯೇ ಬರೆದೆ. ಕೂಡಿಸಿ ರಿಜಿಸ್ಟರಿಗೆ ಹಾಕುವಾಗ ಮೂರರ ಬದಲು ಒಟ್ಟು ಐದು ಹಾಕಿದೆ. ಅಳೆಯೋಕೆ, ಬರೆಯೋಕೆ ಆಗ ನಾನೊಬ್ಬಳೇ. ಎರಡನೇ ವರ್ಷ ಗೊತ್ತಾಯ್ತು. ಅಣ್ಣ ಆಗಲೇ ಆ ದುಡ್ಡಲ್ಲಿ ಮನೆಗೆ ಹೆಂಚು ಹೊದಿಸಿದ್ದ. ನನ್ನ ತಂಗಿ ಆಫೀಸಿಂದ ಬಂದ ಹೆಂಚು ಅಂತ ಊರಿಗೆಲ್ಲ ತೋರಿಸ್ತಿದ್ದ. ಬಾಯಿ ಬರಲಿಲ್ಲ. ಮುಂದಿನ ವರ್ಷ ಹೇಳೋಣ ಅಂದುಕೊಂಡೆ. ಅದೂ ಹೋಯ್ತು."

"ಅವರಿಗೆ ಗೊತ್ತಾ?"

"ಇಲ್ಲ. ನಾನು ಬರೆದದ್ದನ್ನ ಅವನು ಯಾವತ್ತೂ ಓದಿಲ್ಲ. ಸಹಿ ಹಾಕ್ತಾನೆ. ಆ ಹೊಲಕ್ಕೆ ಆಮೇಲೆ ನಾನು ಟೇಪು ಹಿಡಿದು ಹೋಗೇ ಇಲ್ಲ ಕಣೆ. ಹೋದರೆ ಮೂರೇ ಬರುತ್ತಲ್ಲ."

ನಾನು ಅಂದೆ, ಹೇಳಬಾರದ್ದೇ ಅಂದೆ. "ಅಕ್ಕ, ಇದೊಂದು ಪುಸ್ತಕ ಬಿಟ್ಟರೂ ಹತ್ತು ಉಳಿಯುತ್ತೆ. ಅವರು ಕೇಳಿರೋದೇ ಹತ್ತು ವರ್ಷ..."

"ಉಳಿದ ಹತ್ತರಲ್ಲೂ 'ಹಿಂದಿನಂತೆ' ಇದೆ. ಹಿಂದಿನದು ಎಲ್ಲಿ ಅಂತ ಕೇಳಲ್ವಾ? ಒಂದು ಪುಸ್ತಕ ಬಚ್ಚಿಟ್ಟರೆ ಹತ್ತೂ ಅನುಮಾನ. ಅರವತ್ತೊಂದು ಮನೆ ನದೀಲಿ ಮುಳುಗುತ್ತೆ, ನನ್ನದೊಂದು ಮನೆ ಒಣಗಿರಲಿ ಅಂತ."

"ಮೂರು ತಿಂಗಳಲ್ಲಿ ರಿಟೈರ್ ನೀವು. ಪೆನ್ಷನ್ ಹಿಡಿದುಬಿಟ್ಟರೆ?"

"ಹಿಡೀಲಿ ಬಿಡು" ಅಂದರು. ಆಮೇಲೆ ಪುಸ್ತಕ ಎಳೆದುಕೊಂಡು ಪುಟ ತಿರುವುತ್ತಾ, "ಭಯ ಇಲ್ಲ ಅಂತಲ್ಲ" ಅಂದರು.

83ನೇ ಪುಟ ಅಕ್ಕನೇ ಗಾಜಿನ ಮೇಲಿಟ್ಟರು. ಬಟನ್ ಒತ್ತೋಕೆ ನನಗೆ ಕೈ ಬರಲಿಲ್ಲ. ಅವರೇ ಒತ್ತಿದರು.

ಮಾರ್ಚ್ 13, ಗುರುವಾರ

ಅಕ್ಕ ಬೆಳಿಗ್ಗೆ ರಜೆ. ಅಣ್ಣನ ಮನೆಗೆ ಹೋಗಿದ್ದರು. ಕಾಗದ ಹೋಗುವ ಮೊದಲು ತನ್ನ ಬಾಯಿಂದಲೇ ಕೇಳಲಿ ಅಂತ.

ಮಧ್ಯಾಹ್ನ ಬಂದರು. ಟೇಪು ಮೊಳೆಗೆ ನೇತುಹಾಕಿ ಕೂತರು. ಕೇಳೋದೋ ಬೇಡವೋ... ಅವರೇ ಹೇಳಿದರು.

"ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹನ್ನೊಂದು ವರ್ಷ ಊರ ಮುಂದೆ ನನ್ನ ಕಳ್ಳನ ಮಾಡಿ ನಿಲ್ಲಿಸಿದೀಯ, ನನಗೇ ಗೊತ್ತಿಲ್ಲದ ಹಾಗೆ — ಅಂದ. ಎದ್ದು ದನದ ಕೊಟ್ಟಿಗೆಗೆ ಹೋದ. ಅತ್ತಿಗೆ ನೀರು ತಂದುಕೊಟ್ಟಳು. ಕುಡಿದು ಬಂದೆ."

ಕರವಸ್ತ್ರದಲ್ಲಿ ಕನ್ನಡಕ ಒರೆಸಿದರು, ಬಹಳ ಹೊತ್ತು. ಆಮೇಲೆ ಕಾಗದ ಎಳೆದುಕೊಂಡು, ತಪ್ಪು ಯಾವಾಗ, ಹೇಗೆ, ಗೊತ್ತಾದದ್ದು ಯಾವಾಗ, ಎಲ್ಲ ಬರೆದು ಸಹಿ ಮಾಡಿದರು. ಒಂದೂವರೆ ಪುಟ. ಒಂದು ಕಡೆಯೂ ಹೊಡೆದುಹಾಕಿಲ್ಲ.

ಸಾಹೇಬರು ಓದಿದರು. ಎರಡು ಸಲ ಓದಿದರು. "ಇದನ್ನ ಬೇರೆಯಾಗಿ, ನಿಧಾನವಾಗಿ, ಅಂದರೆ... ಆಕ್ಷೇಪಣೆ ಆದ ಮೇಲೆ ಕಳಿಸಬಹುದಿತ್ತೇನೋ ಮೇಡಂ."

"ಜೊತೆಗೇ ಹೋಗಲಿ ಸಾರ್. ಅವರಾಗಿ ಹುಡುಕಿದರೆ ಪುಸ್ತಕ ಸುಳ್ಳಾಗುತ್ತೆ. ನಾವಾಗಿ ಹೇಳಿದರೆ ಒಂದು ಪುಟ ಮಾತ್ರ ಸುಳ್ಳು."

ಮಾರ್ಚ್ 14, ಶುಕ್ರವಾರ. ಸಂಜೆ 4.38

ಮುಟ್ಟಿಸಿದೆವು!! ಸಾಹೇಬರು ತಾವೇ ಕಾರು ಓಡಿಸಿದರು. ಹಿಂದಿನ ಸೀಟಲ್ಲಿ ನಾನು, ಹನ್ನೊಂದು ಪುಸ್ತಕ, ಮೇಲೆ ಅಕ್ಕನ ಕಾಗದ. ಸ್ವೀಕೃತಿ ಸೀಲು ಬಿದ್ದಾಗ ಸದ್ದು ಎದೆಗೇ ಹೊಡೆದ ಹಾಗಾಯ್ತು. ಕೌಂಟರಿನವಳು ಪುಸ್ತಕ ತಿರುವಿ ನೋಡಿ, "ಯಾರ್ರೀ ಬರೆದದ್ದು ಇದನ್ನ?" ಅಂದಳು. ನಮ್ಮ ಅಕ್ಕ ಅಂದೆ. ನನ್ನ ಸ್ವಂತ ಅಕ್ಕನ ಬಗ್ಗೆಯೂ ಅಷ್ಟು ಜಂಬದಿಂದ ಹೇಳಿಲ್ಲ.

ಏಪ್ರಿಲ್ 7, ಸೋಮವಾರ

ಮೂರು ವಾರ ಬರೆಯೋಕೆ ಮನಸ್ಸೇ ಬರಲಿಲ್ಲ.

ಅಕ್ಕನಿಗೆ ಮೆಮೊ ಬಂದಿದೆ. ವಿಚಾರಣೆ. ವಿಷಯ ಊರೆಲ್ಲ ಗೊತ್ತು. ಕೌಂಟರ್ ಸಾಲಿನಲ್ಲಿ ಪಿಸುಪಿಸು. ಇವತ್ತು ಒಬ್ಬ, ಬೀಜದ ಅಂಗಡಿಯವನು, ಎಲ್ಲರಿಗೂ ಕೇಳೋ ಹಾಗೆ, "ಅಳೆಯೋರೇ ಮೊದಲು ತಮ್ಮ ಮನೇದು ಅಳೀಲಿ" ಅಂದ. ಎದ್ದು ಬೈಯೋಣ ಅಂತ ಕುರ್ಚಿ ಸರಿಸಿದೆ. ಅಕ್ಕ ಒಳಗಿಂದ ಬಂದು, "ಸರಿಯಾಗೇ ಹೇಳಿದೆಯಪ್ಪ. ಮುಂದೆ ಬಾ, ನಿನ್ನ ಅರ್ಜಿ ಎಲ್ಲಿ?" ಅಂದರು. ಅವನ ಅರ್ಜಿಯಲ್ಲಿ ಎರಡು ತಪ್ಪಿತ್ತು, ತಿದ್ದಿಕೊಟ್ಟರು. ಅವನ ಕಿವಿ ಕೆಂಪಗೆ.

ನನಗಾದರೆ ಮನೆಯಿಂದ ಹೊರಗೆ ಬರೋಕೂ ಆಗ್ತಿರಲಿಲ್ಲ. ಇವರು ಎಂಟಕ್ಕೇ ಬರ್ತಾರೆ. ವ್ಯತ್ಯಾಸ ಒಂದೇ, ಡಬ್ಬಿ ಅರ್ಧ ತಿಂದು ಮುಚ್ಚಿಡ್ತಾರೆ.

ದೊಡ್ಡಣ್ಣ ಮಾತು ಬಿಟ್ಟಿದ್ದಾರಂತೆ.

ಏಪ್ರಿಲ್ 28, ಸೋಮವಾರ. ಬೆಳಿಗ್ಗೆ 11.10

ಸ್ಕ್ರೀನ್ ರಿಫ್ರೆಶ್ ಮಾಡಿದೆ. ಹಸಿರು. ಕೆಳಗೆ ಎಳೆದೆ. ಹಸಿರು. ಮತ್ತೆ ಹಸಿರು. ಕಿರುಚಿದೆ ಅಂತ ಕಾಣುತ್ತೆ, ಸಾಹೇಬರು ಓಡಿ ಬಂದರು.

ಐವತ್ತೆಂಟು ಮಂಜೂರು. ಮೂರು ಇಲ್ಲ. ಆ ಮೂವರು ನಡುವೆ ಎರಡೆರಡು ವರ್ಷ ಬೀಳು ಬಿಟ್ಟಿದ್ದರು, ಅಕ್ಕನ ಪುಸ್ತಕದಲ್ಲೇ ಹಾಗಿದೆ. "ಬಿತ್ತಿದ್ದಾರೆ ಅಂತ ಬರೆಯೋಕಾಗ್ತಿತ್ತಾ, ಬಿತ್ತಿರಲಿಲ್ಲ" ಅಂದರು ಅಕ್ಕ. ಆ ಮೂವರ ನೆಲವಾದರೂ ಉಳಿಯಲಿ ಅಂತ ಬೇರೆ ಅರ್ಜಿ ಬರೀತಾ ಕೂತಿದ್ದಾರೆ ಈಗ.

ಆದೇಶದಲ್ಲಿ ಒಂದು ಸಾಲು. ಸಾಹೇಬರು ಗಟ್ಟಿಯಾಗಿ ಓದಿದರು — "ತಪ್ಪನ್ನು ತಾವಾಗಿ ಒಪ್ಪಿಕೊಂಡಿರುವುದರಿಂದ ಉಳಿದ ಪುಟಗಳನ್ನು ನಂಬಲು ಅಡ್ಡಿಯಿಲ್ಲ." ಅಕ್ಕ ಕೇಳಿಸಿಕೊಂಡು, "ಆ ಮೂವರ ಫೈಲ್ ಕೊಡೆ" ಅಂದರು.

ಮೇ 20, ಮಂಗಳವಾರ

ಆಚೆ ದಂಡೆಯ ಐವತ್ತೆಂಟು ಜನಕ್ಕೂ ಹಣ ಸೇರಿತು. ಜೇನಿನ ತಾತ ಒಂದು ದೊಡ್ಡ ಬಾಟಲಿ ಹಿಡಿದು ಬಂದರು.

"ತಗೊಂಡು ಹೋಗಿ ತಾತ. ಕಚೇರಿಗೆ ಏನೂ ತರಬಾರದು" ಅಂದರು ಅಕ್ಕ.

"ಲಂಚ ಕೆಲಸಕ್ಕೆ ಮುಂಚೆ ಕೊಡೋದು ಕಣಮ್ಮ. ಇದು ಕೆಲಸ ಆದ ಮೇಲೆ."

"ಆದ ಮೇಲೂ ಬೇಡ."

ತಾತ ಗೊಣಗುತ್ತಾ ಹೋದರು. ಬಾಟಲಿ ಗೇಟಿನ ಕಂಬದ ಮೇಲಿಟ್ಟು ಹೋಗಿದ್ದಾರೆ, ಮುಚ್ಚಳ ಸಡಿಲ. ಒಂದು ಗಂಟೆಯಲ್ಲಿ ಊರಿನ ಇರುವೆಯೆಲ್ಲ ನಮ್ಮ ಕಚೇರಿಗೆ. ಸಾಹೇಬರು ಕಾಲು ಮೇಲೆತ್ತಿಕೊಂಡೇ ಸಹಿ ಮಾಡಿದರು.

ವಿಚಾರಣೆಯೂ ಮುಗಿಯಿತು. ಅಕ್ಕನಿಗೆ ಒಂದು ಇಂಕ್ರಿಮೆಂಟ್ ಕಡಿತ, ಲಿಖಿತ ಎಚ್ಚರಿಕೆ. ಪೆನ್ಷನ್ ಉಳಿಯಿತು! ಹೆಚ್ಚಿಗೆ ಹೋದದ್ದನ್ನ ದೊಡ್ಡಣ್ಣ ವಾಪಸ್ ಕಟ್ಟಬೇಕು, ಕಂತಿನಲ್ಲಿ. ಅದಕ್ಕೆ ಮೊದಲು ಹೊಲ ಹೊಸದಾಗಿ ಅಳೆಯಬೇಕು, ಬೇರೆ ಕಚೇರಿಯವರು.

ಅಕ್ಕ ಆ ಕಂತನ್ನ ತಾನೇ ಕಟ್ತೀನಿ ಅಂತ ಹೇಳಿ ಕಳಿಸಿದರಂತೆ. ಉತ್ತರ ಬಂದಿಲ್ಲ.

ಜೂನ್ 2, ಸೋಮವಾರ

ಬೇರೆ ಕಚೇರಿಯ ಸರ್ವೆಯವನು ದೊಡ್ಡಣ್ಣನ ಹೊಲಕ್ಕೆ ಹೋಗಿ ಬರಿಗೈಲಿ ಬಂದ. ಒಳಗೆ ಕಾಲಿಡೋಕೆ ಬಿಡಲಿಲ್ಲವಂತೆ. ಬೈಲಿಲ್ಲ, ಜಗಳ ಇಲ್ಲ. ಬದುವಿನ ಮೇಲೆ ಅಡ್ಡ ಕೂತು, "ಆಫೀಸಿಗೆ ನಾನೇ ಬಂದು ಮಾತಾಡ್ತೀನಿ" ಅಂದರಂತೆ.

ಅಕ್ಕ ಫೋನ್ ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಟ್ಟರು. "ನನ್ನ ಮೇಲಿನ ಸಿಟ್ಟನ್ನ ಸರ್ಕಾರದ ಮೇಲೆ ತೋರಿಸಿದರೆ ಕೇಸ್ ಹಾಕ್ತಾರೆ ಅವನ ಮೇಲೆ. ಹೇಳೋರು ಯಾರು? ನನ್ನ ಫೋನು ಎತ್ತಲ್ಲ."

ಜೂನ್ 19, ಗುರುವಾರ. ಮಧ್ಯಾಹ್ನ 3.50

ಬೇಗ ಬೇಗ ಬರೀತೀನಿ, ಆಮೇಲೆ ಮರೆತುಬಿಟ್ಟರೆ.

ದೊಡ್ಡಣ್ಣ ಬಂದಿದ್ದಾರೆ. ಸಾಲಿನಲ್ಲೇ ನಿಂತರು, ಮುಂದೆ ಆರು ಜನ, ಒಬ್ಬೊಬ್ಬರಾಗಿ ಮುಗಿಯೋ ತನಕ ನಿಂತರು. ಒಗೆದ ಅಂಗಿ. ಮೊದಲು ನನ್ನನ್ನೇ ಕೇಳಿದರು — "ನನ್ನ ತಂಗಿ ಎಲ್ಲಿ?" ಹೊಲಕ್ಕೆ ಹೋಗಿದ್ದಾರೆ, ಬರೋ ಹೊತ್ತು ಅಂದೆ. "ಹಾಗಾದ್ರೆ ನಿಮ್ಮ ಸಾಹೇಬ್ರಿಗೇ ಹೇಳ್ತೀನಿ" ಅಂದರು. ಸಾಹೇಬರು ಹೊರಗೇ ಬಂದರು.

"ನನ್ನ ಹೊಲ ಅಳೆಯೋದಕ್ಕೆ ನನ್ನ ತಕರಾರಿಲ್ಲ. ಅವಳೇ ಅಳೀಬೇಕು."

"ಸಂಬಂಧಿಕರು ಅಳೆಯೋ ಹಾಗಿಲ್ಲ ಯಜಮಾನ್ರೇ. ಅದರಲ್ಲೂ ಈಗ..."

"ಹನ್ನೊಂದು ವರ್ಷ ಅವಳು ಬರೆದದ್ದಕ್ಕೆ ಓದದೇ ಸಹಿ ಹಾಕಿದೀನಿ ಸ್ವಾಮಿ. ತಪ್ಪು ಬರೆದಾಗಲೇ ನಂಬಿದವನು. ಈಗ ಸರಿ ಬರೀತೀನಿ ಅಂತ ನಿಂತಿದಾಳೆ, ಈಗ ನಂಬಬಾರದಾ? ಅವಳನ್ನ ಬಿಟ್ಟು ಬೇರೆಯವರು ಅಳೆದರೆ ಊರಲ್ಲಿ ಏನಂತಾರೆ? ಅಣ್ಣನೇ ನಂಬಲಿಲ್ಲ ಅಂತಾರೆ."

ಸಾಲಲ್ಲಿದ್ದವರೆಲ್ಲ ಕೌಂಟರ್ ಹತ್ತಿರ ಸರಿದರು.

"ಎರಡು ತಿಂಗಳು ಮಾತು ಬಿಟ್ಟೆ" ಅಂದರು ದೊಡ್ಡಣ್ಣ, ಈಗ ಸಾಹೇಬರಿಗಲ್ಲ, ಯಾರಿಗೂ ಅಲ್ಲ. "ಮೂರನೇ ತಿಂಗಳು ಆಚೆ ದಂಡೆಯ ಜೇನಿನ ಮುದುಕ ಮನೆಗೆ ಬಂದ. ನಿನ್ನ ತಂಗಿ ತನ್ನ ಹೆಸರಿನ ಜೊತೆ ನಿನ್ನ ಹೆಸರೂ ಕೆಡಿಸಿಕೊಂಡು ನಮ್ಮ ನೆಲ ಉಳಿಸಿದಳು, ಅದರಲ್ಲಿ ನಿನಗೂ ಅರ್ಧ ಪುಣ್ಯ ಕಣಯ್ಯ ಅಂದ. ನನಗೆ ಅರ್ಧ ಬೇಡ. ಎಲ್ಲ ಅವಳದೇ ಇರಲಿ."

ಸಾಹೇಬರು ಈ ಸಲ ದೀಪವನ್ನ ಗೋಡೆ ಮೇಲಿಡಲಿಲ್ಲ. "ಬೇರೆ ಕಚೇರಿಯವರೇ ಅಳೀಲಿ. ಅವರೇ ಬರೀಲಿ. ಆದರೆ ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಒಬ್ಬರು ಬೇಕು. ಅದು ಮೇಡಂ ಹಿಡಿಯಬಾರದು ಅಂತ ಯಾವ ಆದೇಶದಲ್ಲೂ ಇಲ್ಲ. ನಾನೇ ಬರೆದುಕೊಡ್ತೀನಿ."

ದೊಡ್ಡಣ್ಣ ಯೋಚಿಸಿದರು. "ತುದಿ ಸಾಕು" ಅಂದರು.

ಈಗ ಕೌಂಟರ್ ಪಕ್ಕದ ಸ್ಟೂಲಲ್ಲಿ ಕೂತಿದ್ದಾರೆ, ಕೈ ಮೊಣಕಾಲ ಮೇಲೆ. ನೀರು ಕೊಟ್ಟೆ, ಕುಡಿದಿಲ್ಲ. ಕಣ್ಣೆಲ್ಲ ಬಾಗಿಲ ಕಡೆ. ಕಿಟಕಿಯಿಂದ ಗೇಟು ಕಾಣುತ್ತೆ ನನಗೆ. ಅಕ್ಕ ಬರ್ತಿದ್ದಾರೆ. ಬೂಟಿನ ತುಂಬಾ ಕೆಸರು, ಗೇಟಿನ ಕಂಬಕ್ಕೆ ತಟ್ಟಿ ಕೊಡವುತ್ತಿದ್ದಾರೆ, ಒಳಗೆ ಯಾರಿದ್ದಾರೆ ಗೊತ್ತಿಲ್ಲ. ಆ ಸದ್ದಿಗೇ ದೊಡ್ಡಣ್ಣ ಎದ್ದು ನಿಂತರು. ಅಂಗಿ ಸರಿ ಮಾಡಿಕೊಂಡರು. ಅಕ್ಕ ಮೆಟ್ಟಿಲು ಹತ್ತಿದರು, ತಲೆ ಎತ್ತಿ ನೋಡಿದರು, ಅಲ್ಲೇ ನಿಂತರು. ಮೊದಲು ಯಾರು ಮಾತಾಡ್ತಾರೋ... ದೊಡ್ಡಣ್ಣ ಬಾಯಿ ತೆರೆದರು — "ನನ್ನ ಹೊಲಕ್ಕೆ ಟೇಪು ಹಿಡಿದು ಬರ್ತೀಯಾ?"